ಬರಿಗಾಲಿನ ಹೇಸಿಗೆ

ಜನವರಿ ೭, ಮಂಗಳವಾರ

ಇವತ್ತು ಕಾಲಿನ ಕಟ್ಟು ಬಿಚ್ಚಿದರು. ಒಳಗಿಂದ ಹೊರಬಂದದ್ದು ನನ್ನದೇ ಕಾಲು ಎಂದು ಡಾಕ್ಟರು ಹೇಳಿದ ಮೇಲೆ ನಂಬಬೇಕಾಯಿತು. ಬಿಳಿಚಿಕೊಂಡು, ಪೊರೆಪೊರೆಯಾಗಿ ಚರ್ಮ ಸುಲಿಯುತ್ತ, ಮುಗ್ಗಲು ಹಿಡಿದ ಬಟ್ಟೆಯ ಹಾಗೆ ನಾರುತ್ತಿತ್ತು. ನನ್ನ ಹೆಂಡತಿ ಮಾತ್ರ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಊರಿನವರ ಮಲಮೂತ್ರ ಪರೀಕ್ಷೆ ಮಾಡುವವಳು. ಹೇಸಿಗೆ ಎಂಬುದು ಅವಳ ಹತ್ತಿರ ಸುಳಿಯುವುದಿಲ್ಲ.

"ಹೇಸಿಗೆ ಅಂತ ಯಾವುದೂ ಇಲ್ಲ ರೀ. ಎಲ್ಲಾ ಸ್ಯಾಂಪಲ್ಲೇ" ಅಂದಳು.

ಹಿಮ್ಮಡಿಯ ಮೂಳೆ ಕೂಡಿಕೊಂಡಿದೆಯಂತೆ. ಮೊದಲಿಗಿಂತ ಚೂರು ಅಗಲವಾಗಿ ಕೂಡಿಕೊಂಡಿದೆಯಂತೆ. ನಡೆಯಬಹುದಂತೆ. ಓಡಬಹುದೇ ಎಂದು ಕೇಳಿದ್ದಕ್ಕೆ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಮುರಿದುಕೊಂಡದ್ದಾದರೂ ಎಲ್ಲಿ. ಉರಿಯುವ ಮನೆಯಿಂದ ಮಗು ಎತ್ತಿಕೊಂಡು ಹಾರಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಿತ್ತು. ಕಸದ ಗುಡ್ಡಕ್ಕೆ ಬೆಂಕಿ ಬಿದ್ದಿತ್ತು. ಬೆಂಕಿ ಆರಿಸುವ ಗಾಡಿಯಿಂದ ಧುಮುಕಿದೆ. ಕಾಲ ಕೆಳಗೆ ಸಿಕ್ಕಿದ್ದು ಯಾರೋ ಎಸೆದ ಕೊಳೆತ ಹಾಸಿಗೆ, ಅದರಡಿಯಲ್ಲಿ ಕಲ್ಲು. ಆ ಹಾಸಿಗೆಯ ವಾಸನೆ ಇನ್ನೂ ನನ್ನ ಮೂಗು ಬಿಟ್ಟಿಲ್ಲ.

ಜನವರಿ ೧೩, ಸೋಮವಾರ

ಅಗ್ನಿಶಾಮಕ ಠಾಣೆಗೆ ಕೆಲಸಕ್ಕೆ ಹೋದೆ. ಇಷ್ಟು ವರ್ಷ ಗಾಡಿಯಲ್ಲಿ ಹೋದವನನ್ನು ಫೋನಿನ ಕೋಣೆಯಲ್ಲಿ ಕೂರಿಸಿದ್ದಾರೆ. ರಿಸೀವರ್ ಮೂಗಿನ ಹತ್ತಿರ ಹಿಡಿದರೆ ಹಿಂದಿನ ಪಾಳಿಯವನು ಏನು ತಿಂದಿದ್ದ ಎಂದು ಹೇಳಬಹುದು. ಒಂದು ಗಂಟೆ ಸ್ಪಿರಿಟ್ಟಿನಲ್ಲಿ ಉಜ್ಜಿದೆ, ಹೋಗಲಿಲ್ಲ.

ಠಾಣೆಯ ಸಾಹೇಬರು ಕರೆದು ಹೇಳಿದರು: "ಮೇ ತಿಂಗಳಲ್ಲಿ ಹೆಡ್ ಆಫೀಸಿಂದ ಬಂದು ಟೆಸ್ಟ್ ಮಾಡ್ತಾರೆ. ಬೂಟು, ಕೋಟು, ಹೆಗಲ ಮೇಲೆ ಪೈಪಿನ ಸುರುಳಿ, ಅಂಗಳಕ್ಕೆ ಹತ್ತು ಸುತ್ತು. ಹೇಳಿದ ಟೈಮಲ್ಲಿ ಮುಗಿಸಿದ್ರೆ ಗಾಡಿ ನಿಮ್ದು. ಇಲ್ಲಾಂದ್ರೆ ರಿಟೈರ್ ಆಗೋವರೆಗೂ ಫೋನೇ. ಒಂದೇ ಸಲ ಚಾನ್ಸು, ನನ್ನ ಕೈಯಲ್ಲಿ ಏನೂ ಇಲ್ಲ."

ಗಾಡಿಯಲ್ಲಿ ನನ್ನ ಜಾಗಕ್ಕೆ ಬೇರೆ ಠಾಣೆಯಿಂದ ಒಬ್ಬನನ್ನು ತಂದಿದ್ದಾರೆ. ಎಲ್ಲರೂ ಅವನನ್ನು ಗೊರಕೆ ಅನ್ನುತ್ತಾರೆ. ಕರೆ ಇಲ್ಲದ ಹೊತ್ತಿನಲ್ಲಿ ಬೆಂಚಿನ ಮೇಲೆ ಬಾಯಿ ತೆರೆದುಕೊಂಡು ಮಲಗಿರುತ್ತಾನೆ, ಜೊಲ್ಲು ದಿಂಬಿಗೆ ಇಳಿಯುತ್ತಿರುತ್ತದೆ. ಎದ್ದ ಮೇಲೆ ಕಾಲು ಮೇಜಿನ ಮೇಲಿಟ್ಟು ಉಗುರು ಕತ್ತರಿಸುತ್ತಾನೆ. ಒಂದು ಚೂರು ಹಾರಿ ನನ್ನ ಚಹಾದ ಲೋಟಕ್ಕೆ ಬಿತ್ತು. ಆ ಪಾದಗಳೋ, ದೋಣಿಯಷ್ಟಿವೆ.

"ಸಾರಿ ಅಣ್ಣ" ಅಂದ. ನಕ್ಕ ಬೇರೆ. ನನ್ನ ಸೀಟಿನಲ್ಲಿ ಈ ಪ್ರಾಣಿ ಕೂತು ಹೋಗುತ್ತದೆ ಎಂದು ನೆನೆದರೆ ಪಿತ್ತ ನೆತ್ತಿಗೇರುತ್ತದೆ.

ಜನವರಿ ೨೬, ಭಾನುವಾರ

ಶೂ ಹಾಕಿಕೊಂಡು ಮೈದಾನದಲ್ಲಿ ಓಡಲು ನೋಡಿದೆ. ಒಂದು ಸುತ್ತು ಪೂರ್ತಿ ಆಗಲಿಲ್ಲ. ಹಿಮ್ಮಡಿ ನೆಲಕ್ಕೆ ತಾಗಿದಾಗಲೆಲ್ಲ ಯಾರೋ ಒಳಗಿಂದ ಮೊಳೆ ಹೊಡೆದಂತಾಗುತ್ತದೆ. ಕುಂಟಿಕೊಂಡು ಮನೆಗೆ ಬಂದರೆ ಸೋಫಾದಲ್ಲಿ ಭಾವಮೈದುನ ಕೂತಿದ್ದ.

ನನ್ನ ಹೆಂಡತಿಯ ತಮ್ಮ. ಕೆಲಸ ಇನ್ಶೂರೆನ್ಸ್ ಮಾರುವುದು, ಖಯಾಲಿ ಬರಿಗಾಲಿನಲ್ಲಿ ಓಡುವುದು. ಎರಡರಲ್ಲೂ ಸಿಕ್ಕವರನ್ನು ಬಿಡುವವನಲ್ಲ. ನನ್ನ ಕುಂಟು ನೋಡಿದ್ದೇ ತಡ, ಕಾಲೆತ್ತಿ ಊಟದ ಮೇಜಿನ ಮೇಲಿಟ್ಟ.

"ಮುಟ್ಟಿ ನೋಡಿ ಭಾವ. ಅಂಗಾಲು ನೋಡಿ. ಟೈರು."

"ತೆಗಿಯೋ ಅದನ್ನ. ಅನ್ನ ತಿನ್ನೋ ಜಾಗ."

"ಶೂ ಹಾಕಿದ್ರೆ ಹಿಮ್ಮಡಿ ಮೇಲೆ ಬೀಳ್ತೀರಿ. ಅದಕ್ಕೇ ನೋವು. ಬಿಚ್ಚಿ ಹಾಕಿ. ಬರಿಗಾಲಲ್ಲಿ ಯಾರೂ ಹಿಮ್ಮಡಿ ಊರಿ ಓಡಲ್ಲ, ಊರಿದ್ರೆ ಪ್ರಾಣ ಹೋಗತ್ತೆ. ಮುಂಗಾಲೇ ಊರ್ತೀರಿ, ತಾನಾಗೇ."

ಹೇಳಿದ್ದರಲ್ಲಿ ಅರ್ಥವಿತ್ತು ಎಂಬುದೇ ಇನ್ನಷ್ಟು ಅಸಹ್ಯ. ಅವನು ಹೋದ ಮೇಲೆ ಮೇಜನ್ನು ಸೋಪು ಹಾಕಿ ತೊಳೆದೆ.

ಫೆಬ್ರವರಿ ೨, ಭಾನುವಾರ

ಬರಿಗಾಲು. ಮೊದಲ ದಿನ.

ಇಷ್ಟು ವರ್ಷ ಈ ಊರಿನ ರಸ್ತೆಯ ಮೇಲೆ ನಡೆದಿದ್ದೇನೆ, ಅದು ಏನೆಂದು ಗೊತ್ತೇ ಇರಲಿಲ್ಲ. ಶೂ ಒಂದು ದೊಡ್ಡ ಸುಳ್ಳು. ಮನೆಯ ಗೇಟಿನಿಂದ ಮೈದಾನದವರೆಗೆ ನಾನು ತುಳಿದದ್ದು: ಕಫ, ಅರ್ಧ ಕರಗಿದ ಚೂಯಿಂಗ್ ಗಮ್, ಮೀನಿನ ಅಂಗಡಿಯವನು ಚೆಲ್ಲಿದ ನೀರು, ಸಿಗರೇಟಿನ ತುಂಡು, ಇನ್ನೂ ಬೆಚ್ಚಗಿದ್ದ ಒಂದು ಏನೋ. ಅದನ್ನು ಬಗ್ಗಿ ನೋಡುವ ಧೈರ್ಯ ಆಗಲಿಲ್ಲ. ಕಾಲ್ಬೆರಳ ಸಂದಿಯಲ್ಲಿ ಅದು ಮೇಲೆ ಬಂದಾಗ ಗಂಟಲವರೆಗೆ ವಾಂತಿ ಬಂತು.

ಭಾವಮೈದುನ ಮುಂದೆ ಓಡುತ್ತ ತಿರುಗಿ ತಿರುಗಿ ಉಪದೇಶ ಕೊಟ್ಟ. "ನೆಲದ ಜೊತೆ ಮಾತಾಡಿ ಭಾವ." ನೆಲದ ಜೊತೆ ಮಾತಾಡಿದೆ. ಬರೆಯುವಂಥ ಮಾತಲ್ಲ.

ಹಿಮ್ಮಡಿ ಮಾತ್ರ ನೋಯಲಿಲ್ಲ. ಮೀನಖಂಡ ಎರಡೂ ಕಲ್ಲಾಗಿವೆ, ಮೆಟ್ಟಿಲು ಇಳಿಯಲು ಆಗುತ್ತಿಲ್ಲ. ಬಚ್ಚಲಿನಲ್ಲಿ ಕೂತು ಪಾದ ಉಜ್ಜುತ್ತಿದ್ದೆ. ಇವಳು ಬಾಗಿಲಿನಿಂದ ಇಣುಕಿ, "ಚರ್ಮ ಉಳಿಸ್ಕೊಳ್ಳಿ ರೀ, ನಾಳೆಗೂ ಬೇಕು" ಅಂದಳು.

ಫೆಬ್ರವರಿ ೨೦, ಗುರುವಾರ

ಗಾಜು. ಇವಳು ಸೂಜಿಯಲ್ಲಿ ತೆಗೆದಳು. ನಾನು ಗೋಡೆ ನೋಡಿದೆ.

ಬಾಟಲಿ ಒಡೆದು ರಸ್ತೆಯಲ್ಲೇ ಬಿಟ್ಟುಹೋದವನ ವಂಶಕ್ಕೆ ಶಾಪ ಹಾಕಿದೆ.

ಮಾರ್ಚ್ ೧೧, ಮಂಗಳವಾರ

ಈಗ ಮೈದಾನಕ್ಕೆ ಐದಾರು ಸುತ್ತು ಹೊಡೆಯುತ್ತೇನೆ. ಜನ ನೋಡುತ್ತಾರೆ. ಹಾಲಿನ ಬೂತಿನ ಹೆಂಗಸು ಮರುಕದಿಂದ ಕೇಳಿದಳು: "ಯಾಕಣ್ಣ, ಚಪ್ಪಲಿ ಕಿತ್ತೋಯ್ತಾ?" ಹೌದು ಎಂದೆ. ಅವಳಿಗೆ ಹಿಮ್ಮಡಿಯ ಪುರಾಣ ಹೇಳುವ ತಾಳ್ಮೆ ನನಗಿಲ್ಲ.

ಅಂಗಾಲು ಗಟ್ಟಿಯಾಗುತ್ತಿದೆ. ಹಳದಿಗಟ್ಟಿದೆ, ಅಂಚಿನಲ್ಲಿ ಬಿರುಕು ಬಿಟ್ಟಿದೆ. ನೋಡಲು ಅಸಹ್ಯ. ಬೆರಳುಗಳು ಒಂದಕ್ಕೊಂದು ಜಗಳ ಮಾಡಿಕೊಂಡವರ ಹಾಗೆ ದೂರ ದೂರ ನಿಂತಿವೆ.

ಠಾಣೆಯಲ್ಲಿ ಮಧ್ಯಾಹ್ನ ಗೊರಕೆ ಎಂದಿನಂತೆ ಬಿದ್ದುಕೊಂಡಿದ್ದ. ಗಾಡಿಯ ಡ್ರೈವರು ಹೇಳಿದ್ದು: ಅವನಿಗೆ ಅವಳಿ ಮಕ್ಕಳಂತೆ, ಹುಟ್ಟಿ ಎರಡು ತಿಂಗಳು. ಒಂದು ಮಲಗಿದರೆ ಇನ್ನೊಂದು ಏಳುತ್ತದಂತೆ. ಮನೆ ಇಲ್ಲೇ ಹಿಂದಿನ ಬೀದಿಯಲ್ಲಿ. ನಾನು ಟೆಸ್ಟು ಪಾಸಾದರೆ ಅವನನ್ನು ವಾಪಸು ಹೊಳೆಯಾಚೆಯ ಠಾಣೆಗೆ ಕಳಿಸುತ್ತಾರಂತೆ. ಆಗ ಮನೆ ಮುಟ್ಟುವುದು ವಾರಕ್ಕೊಮ್ಮೆ.

ಹಾಗೆಂದು ನಾನೇನು ಮಾಡಲಿ. ಎರಡು ಮಕ್ಕಳನ್ನು ನಾನು ಹೆರಲು ಹೇಳಿದ್ದೆನೇ. ಅವನ ಗೊರಕೆ ಫೋನಿನಲ್ಲಿ ಮಾತಾಡುವವರಿಗೆ ಕೇಳಿಸಬಾರದು ಎಂದು ಎದ್ದು ಹೋಗಿ ನಡುವಿನ ಬಾಗಿಲು ಮುಂದೆ ಮಾಡಿದೆ. ಕಿಟಕಿಯ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು, ಪರದೆಯನ್ನೂ ಎಳೆದೆ. ಜೊಲ್ಲು ಒಣಗಿದರೆ ವಾಸನೆ ಹೆಚ್ಚು.

ಏಪ್ರಿಲ್ ೫, ಶನಿವಾರ

ಇವತ್ತು ಭಾವಮೈದುನ ಬರಲಿಲ್ಲ, ಪಾಲಿಸಿ ಮಾಡಿಸಿಕೊಳ್ಳುವ ಬಡಪಾಯಿ ಯಾರೋ ಸಿಕ್ಕಿದ್ದನಂತೆ. ಒಬ್ಬನೇ ಓಡಿದೆ. ಬೇಕರಿಯ ಮುಂದಿನ ಕಲ್ಲು ಬೆಳಿಗ್ಗೆಯೂ ಬೆಚ್ಚಗಿರುತ್ತದೆ, ಒಳಗಿನ ಒಲೆಯ ಗೋಡೆ ಅಲ್ಲಿಗೆ ಬರುತ್ತದೆ ಎಂದು ಕಾಣುತ್ತದೆ. ಶಾಲೆಯ ಗೋಡೆಯ ಪಕ್ಕ ನೆಲ ತಣ್ಣಗೆ, ನುಣ್ಣಗೆ ಇದೆ. ಅಲ್ಲಿ ಬೇಕೆಂದೇ ನಿಧಾನ ಮಾಡಿದೆ. ಮುಂದೆ ಮೀನಿನ ನೀರು, ಅದೇ ಹೊಲಸು. ಅದು ಬರುವ ಮೊದಲೇ ಕಾಲಿಗೆ ಗೊತ್ತಾಗುತ್ತದೆ.

ಏಪ್ರಿಲ್ ೨೭, ಭಾನುವಾರ

ಹಳೆಯ ಪೈಪಿನ ಸುರುಳಿಯನ್ನು ಠಾಣೆಯಿಂದ ಕೇಳಿ ತಂದಿದ್ದೇನೆ. ಅದನ್ನು ಹೊತ್ತು, ಕೋಟು ಹಾಕಿಕೊಂಡು, ಹತ್ತು ಸುತ್ತು. ಭಾವಮೈದುನ ಟೈಮ್ ನೋಡಿದ. ಬೇಕಾದ್ದಕ್ಕಿಂತ ಮೊದಲೇ ಮುಗಿಯಿತು. ಅವನು ನನ್ನನ್ನು ತಬ್ಬಿಕೊಂಡ. ಅವನ ಬೆವರೆಲ್ಲ ನನ್ನ ಕತ್ತಿಗೆ.

"ಬೂಟಲ್ಲೂ ಒಂದ್ಸಲ ಓಡಿ ನೋಡ್ಲಾ?" ಎಂದು ಕೇಳಿದೆ.

"ಹುಚ್ಚಾ ಭಾವ ನಿಮಗೆ? ಒಂದು ದಿನ ಹಾಕಿದ್ರೂ ಇಷ್ಟು ದಿನ ಮಾಡಿದ್ದೆಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಕಾಲು ಹಳೇ ಚಾಳಿ ಹಿಡಿಯತ್ತೆ. ಟೆಸ್ಟ್ ದಿನ ಹಾಕ್ಕೊಳ್ಳಿ ಸಾಕು. ಬೂಟು ಎಲ್ಲಿ ಹೋಗತ್ತೆ?"

ಅದೂ ನಿಜ ಅನ್ನಿಸಿತು. ಬೂಟು ಲಾಕರಿನಲ್ಲೇ ಇದೆ.

ಮೇ ೧೪, ಬುಧವಾರ

ಊಟ ಬಿಟ್ಟು ಕೂತಿದ್ದೇನೆ. ಬರೆದು ಮುಗಿಸುತ್ತೇನೆ.

ನಾಳೆ ಟೆಸ್ಟು. ಸಂಜೆ ಬೂಟಿಗೆ ಪಾಲಿಶ್ ಹಾಕೋಣ ಎಂದು ಲಾಕರ್ ತೆಗೆದೆ. ಕಸದ ಗುಡ್ಡದಿಂದ ಬಂದ ದಿನ ಯಾರೋ ಒದ್ದೆಯಾಗಿಯೇ ಒಳಗೆ ಎಸೆದಿದ್ದರು. ಒಳಗೆಲ್ಲ ಹಸಿರು ಬೂಷ್ಟು. ಅಂದಿನ ಹಾಸಿಗೆಯ ವಾಸನೆ ಹಾಗೇ ಕೂತಿತ್ತು. ಚರ್ಮ ಒಣಗಿ ಸೆಟೆದುಕೊಂಡಿತ್ತು. ಮೂಗು ಮುಚ್ಚಿಕೊಂಡು ಒರೆಸಿ ಕಾಲು ತೂರಿಸಿದೆ. ಹೋಗಲಿಲ್ಲ. ಬೆರಳು ಹೋದರೆ ಹಿಮ್ಮಡಿ ಹೋಗದು, ಹಿಮ್ಮಡಿ ತುರುಕಿದರೆ ಬೆರಳು ಮಡಚಿಕೊಳ್ಳುತ್ತದೆ. ಹಿಮ್ಮಡಿಯ ಮೂಳೆ ಅಗಲವಾಗಿಯೇ ಕೂಡಿದೆ. ಮೇಲಿಂದ ಇಷ್ಟು ತಿಂಗಳು ಬರಿಗಾಲಲ್ಲಿ ಓಡಿ ಪಾದ ಮೊರದ ಹಾಗೆ ಹರಡಿಕೊಂಡಿದೆ.

ಪೈಪು ಹೊತ್ತು ಓಡಿದೆ, ಕೋಟು ಹಾಕಿ ಓಡಿದೆ. ಕಾಲು ಬೂಟಿಗೆ ಹಿಡಿಯುತ್ತದೋ ಇಲ್ಲವೋ ಎಂದು ನೋಡುವುದು ನನಗೂ ಹೊಳೆಯಲಿಲ್ಲ, ಆ ಬರಿಗಾಲ ಪಂಡಿತನಿಗೂ ಹೊಳೆಯಲಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಠಾಣೆಯ ಸ್ಟೋರಿನವನು ಕೈಯಲ್ಲಾಡಿಸಿಬಿಟ್ಟ. ಹೊಸ ಜೋಡಿ ಬೇಕೆಂದರೆ ಬರೆದು ಕಳಿಸಬೇಕು, ಬರುವುದು ಮುಂದಿನ ತಿಂಗಳು. ಬೆಂಚಿನ ಮೇಲೆ ಕೂತು ಮತ್ತೊಮ್ಮೆ ತುರುಕುತ್ತಿದ್ದೆ. ಹಿಮ್ಮಡಿ ತರಚಿ ರಕ್ತ ಬಂತು. ಗೊರಕೆ ಎದ್ದು ಕಣ್ಣುಜ್ಜಿಕೊಂಡು ನೋಡುತ್ತಿದ್ದ.

"ಹಿಡಿಯಲ್ಲ ಬಿಡಿ ಅಣ್ಣ" ಅಂದ. "ನಂದು ಹಾಕ್ಕೊಳ್ಳಿ. ನಂದು ದೊಡ್ಡದು."

"ನಿಂದಾ?"

"ಅರ್ಧ ಗಂಟೆ ಕೆಲ್ಸ. ಓಡಿ ವಾಪಸ್ ಕೊಡಿ."

ಪಾಸಾದರೆ ಹೊಳೆಯಾಚೆಗೆ ಹೋಗುವವನು ತಾನು ಎಂದು ಇವನಿಗೆ ಗೊತ್ತಿಲ್ಲವೇ. ಗೊತ್ತಿದೆ. ಎಲ್ಲರಿಗೂ ಗೊತ್ತಿದೆ. ಮತ್ತೆ ಯಾಕೆ ಕೊಡುತ್ತಾನೆ. ಆ ಬೂಟಿನೊಳಗೆ ನನ್ನ ಕಾಲು ಹೋಗುವುದನ್ನು ನೆನೆದರೇ ಮೈ ಜುಮ್ಮೆನ್ನುತ್ತದೆ. ಊಟ ಸೇರಲಿಲ್ಲ.

"ಹಾಕ್ಕೊಳ್ತೀರಾ?" ಎಂದು ಇವಳು ಕೇಳಿದಳು.

"ಇನ್ನೇನ್ ಮಾಡ್ಲಿ."

ಮೇ ೧೫, ಗುರುವಾರ

ಎಲ್ಲವನ್ನೂ ಬರೆಯಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಬೆಳಿಗ್ಗೆ ಗೊರಕೆ ಬೂಟು ತಂದು ಮುಂದಿಟ್ಟ. ಉಸಿರು ಬಿಗಿಹಿಡಿದು ಕಾಲು ಹಾಕಿದೆ. ಒಳಗೆ ಒಣಗಿತ್ತು, ಸೋಪಿನ ವಾಸನೆ ಬರುತ್ತಿತ್ತು. ಹೊಸ ಕಾಲುಚೀಲ ಒಂದು ಜೊತೆ ಮಡಿಸಿ ಒಳಗಿಟ್ಟಿದ್ದ. ಕಾಲು ಹೊರತೆಗೆದು ಅದನ್ನು ಹಾಕಿಕೊಂಡೆ. ಅವನು ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಗಾಡಿಯ ಪಕ್ಕ ನಿಂತ. ಫೋನಿಗೆ ಸ್ಟೋರಿನವನನ್ನು ಕೂರಿಸಿದ್ದರು. ಹೆಡ್ ಆಫೀಸಿನಿಂದ ಬಂದವರು ಒಬ್ಬರೇ. ಕೈಯಲ್ಲಿ ಗಡಿಯಾರ, ಮುಖದಲ್ಲಿ ಏನೂ ಇಲ್ಲ.

ಓಡಿದೆ. ಬೂಟು ಭಾರವಿತ್ತು, ಆದರೂ ಕಾಲು ಕಲಿತದ್ದನ್ನು ಮರೆಯಲಿಲ್ಲ, ಮುಂಗಾಲೇ ಊರುತ್ತಿತ್ತು. ನೋವಿಲ್ಲ. ಎಂಟನೇ ಸುತ್ತು ಮುಗಿಯುವಾಗ ಸಾಹೇಬರು ತಲೆಯಾಡಿಸುತ್ತಿದ್ದರು. ಟೈಮ್ ಬೇಕಾದಷ್ಟಿತ್ತು. ಪಾಸಾದೆ ಎಂದು ನನಗೆ ಗೊತ್ತಾಗಿತ್ತು.

ಆಗ ಗಂಟೆ ಹೊಡೆಯಿತು.

ಸ್ಟೋರಿನವನು ಕಿಟಕಿಯಿಂದ ಕೂಗಿದ, ಆಸ್ಪತ್ರೆಯ ಹಿಂದಿನ ವಠಾರ, ಮೂರನೇ ಮಹಡಿ, ಒಳಗೆ ಜನ ಇದ್ದಾರೆ. ಡ್ರೈವರು ಗಾಡಿ ಚಾಲೂ ಮಾಡಿದ. ಎಲ್ಲರೂ ಹತ್ತಿದರು. ಗೊರಕೆ ಕೋಟಿನ ಗುಂಡಿ ಹಾಕಿಕೊಳ್ಳುತ್ತ ನನ್ನ ಕಡೆ ನೋಡಿದ. ಕೂಗಲಿಲ್ಲ, ಕೈ ಬೀಸಲೂ ಇಲ್ಲ. ರಬ್ಬರ್ ಚಪ್ಪಲಿಯಲ್ಲಿ ನಿಂತಿದ್ದ.

ಇಲ್ಲಿ ನಿಜ ಬರೆಯುತ್ತೇನೆ. ಎರಡೇ ಸುತ್ತು ಉಳಿದಿತ್ತು. ಒಬ್ಬ ಕಡಿಮೆ ಹೋದರೆ ಏನಾಗುತ್ತದೆ ಎಂದು ನಾನು ಯೋಚಿಸಿದೆ. ಹಾಗೆ ಯೋಚಿಸುತ್ತಲೇ ನಾಲ್ಕು ಹೆಜ್ಜೆ ಓಡಿಯೂಬಿಟ್ಟೆ. ಇಷ್ಟು ತಿಂಗಳಲ್ಲಿ ತುಳಿದದ್ದು ಏನೆಲ್ಲ, ಆ ನಾಲ್ಕು ಹೆಜ್ಜೆಯಷ್ಟು ಹೊಲಸನ್ನು ತುಳಿದಿಲ್ಲ.

ಕೂತು ಬೂಟು ಕಿತ್ತೆ. ಒಂದೊಂದಾಗಿ ಎಸೆದೆ. ಅವನು ಹಿಡಿದುಕೊಂಡು ಗಾಡಿ ಹತ್ತಿದ, ಗಾಡಿ ಗೇಟು ದಾಟಿತು. ನಾನು ಕಾಲುಚೀಲ ಕಿತ್ತುಹಾಕಿ ಪೈಪು ಮತ್ತೆ ಹೆಗಲಿಗೇರಿಸಿ ಉಳಿದ ಎರಡು ಸುತ್ತು ಓಡಿದೆ. ಅಂಗಳದ ಜಲ್ಲಿ ಕಾದಿತ್ತು. ಓಡು ಎಂದು ಯಾರೂ ಹೇಳಲಿಲ್ಲ, ನಿಲ್ಲಲು ನನಗೆ ತೋಚಲಿಲ್ಲ.

ಮುಗಿದ ಮೇಲೆ ಬಂದವರು ಗಡಿಯಾರ ನೋಡಿದರು, ನನ್ನ ಕಾಲು ನೋಡಿದರು.

"ಟೈಮ್ ಒಳಗೇ ಆಗಿದೆ" ಅಂದರು. "ಆದ್ರೆ ಬೂಟು ಹಾಕ್ಕೊಂಡು ಅಂತ ಇದೆ. ನಾನು ಏನಂತ ಬರೀಲಿ ಹೇಳಿ?"

ಸಾಹೇಬರು ಕಾಲುಗಂಟೆ ವಾದ ಮಾಡಿದರು. ಬಂದವರು ಕೆಟ್ಟವರಲ್ಲ, ಕಣ್ಣು ತಪ್ಪಿಸಿಯೇ ಬರೆದರು. ಫೇಲು.

ಮನೆಗೆ ಬಂದು ಬಚ್ಚಲಿನ ಕಟ್ಟೆಯ ಮೇಲೆ ಕೂತು ಅತ್ತೆ. ಇವಳು ನನ್ನ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಸಿದಳು. ಜಲ್ಲಿಯ ಚೂರು ಒಂದೊಂದೇ ತೆಗೆದಳು. ನಾನು ನೋಡುತ್ತಿದ್ದೆ.

ಮೇ ೧೬, ಶುಕ್ರವಾರ

ಆರ್ಡರು ಬಂತು. ಇನ್ನು ಕಾಯಮ್ಮಾಗಿ ಫೋನಿನ ಕೋಣೆ. ಗಾಡಿ ಹೋಯಿತು. ಇಷ್ಟು ವರ್ಷದ ಮೇಲೆ ಗಾಡಿ ನನ್ನದಲ್ಲ. ಎದೆಯಲ್ಲಿ ಕಲ್ಲಿಟ್ಟ ಹಾಗಿದೆ.

ಬೆಳಿಗ್ಗೆ ಓಡಿ ಬಂದು ಕೆಲಸಕ್ಕೆ ಹೋದೆ. ನಿನ್ನೆಯ ವಠಾರದಿಂದ ಒಬ್ಬ ಮುದುಕಿ, ಅವಳ ಮೊಮ್ಮಗಳು, ಇಬ್ಬರನ್ನೂ ಇಳಿಸಿದ್ದಾರೆ. ಮುದುಕಿಯನ್ನು ಹೊತ್ತು ತಂದವನು ಗೊರಕೆ. ಮಧ್ಯಾಹ್ನ ಅವನು ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತ. ಹುಬ್ಬು ಅರ್ಧ ಸುಟ್ಟಿತ್ತು. ಮೇಜಿನ ಮೇಲಿನ ಪೆನ್ನು ಎತ್ತಿ ತಿರುಗಿಸತೊಡಗಿದ. ಕ್ಷಮೆ ಕೇಳಲು ಬಂದಿದ್ದಾನೆ ಎಂದುಕೊಂಡೆ. ಕೇಳಿದರೆ ಬೈದುಬಿಡೋಣ ಎಂದು ತಯಾರಾದೆ.

"ಅಣ್ಣ, ಒಂದ್ ಮಾತು ಹೇಳ್ತೀನಿ. ಬೇಜಾರು ಮಾಡ್ಕೋಬಾರ್ದು."

"ಹೇಳು."

"ನಿನ್ನೆ ಗಾಡೀಲಿ ಕೂತು ಬೂಟಿಗೆ ಕಾಲು ಹಾಕ್ದೆ. ಒಳಗೆಲ್ಲಾ ನಿಮ್ ಬೆವರು. ಬಿಸಿ ಬಿಸಿ. ಪಚಪಚ ಅಂತಿತ್ತು." ಅವನು ಮುಖ ಸಿಂಡರಿಸಿದ. "ಥೂ. ಎಂಥಾ ಹೇಸಿಗೆ ಆಯ್ತು ಅಂದ್ರೆ, ವಠಾರ ಬರೋವರೆಗೂ ವಾಂತಿ ತಡ್ಕೊಂಡು ಕೂತಿದ್ದೆ. ಬೆಂಕಿ ಕಂಡ ಮೇಲೇನೇ ಸಮಾಧಾನ ಆಗಿದ್ದು."

ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಮೇಜಿಗೆ ತಲೆಯಿಟ್ಟು ನಕ್ಕೆ. ಅವನೂ ನಕ್ಕ. ಹೊಳೆಯಾಚೆಯ ಠಾಣೆಯ ಮಾತನ್ನು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. "ಮಕ್ಕಳು ಹೇಗಿವೆ?" ಎಂದು ಕೇಳಿದೆ. "ಒಂದು ಮಲಗಿದೆ" ಅಂದ.

ಅಷ್ಟರಲ್ಲಿ ಫೋನು ಬಂತು. ಯಾರದೋ ಗೋದಾಮು. ಬರೆದುಕೊಂಡು ಗಂಟೆ ಹೊಡೆದೆ. ಅವನು ಎದ್ದು ಅಂಗಳದಲ್ಲಿ ಗಾಡಿಯ ಕಡೆ ಓಡುವುದನ್ನು ಕಿಟಕಿಯಿಂದ ನೋಡಿದೆ. ಅಷ್ಟು ದೊಡ್ಡ ಪಾದ ಇಟ್ಟುಕೊಂಡು ಹಿಮ್ಮಡಿ ಊರಿ ಧಬಧಬ ಎಂದು ಓಡುತ್ತಾನೆ, ಅಸಹ್ಯ. ಹೀಗೇ ಓಡಿದರೆ ಒಂದು ದಿನ ಇವನೂ ಮೂಳೆ ಮುರಿದುಕೊಳ್ಳುತ್ತಾನೆ. ನಾಳೆ ಬೆಳಿಗ್ಗೆ ಮೈದಾನಕ್ಕೆ ಬಾ ಎಂದು ಹೇಳಬೇಕು.